ಇಳಿದದ್ದೆಲ್ಲ ಸರಕು

ತೂಕದ ವಿಷಯದಲ್ಲಿ ತಕ್ಕಡಿ ಯಜಮಾನರ ಮಾತೆಂದರೆ ಆ ಬೀದಿಯಲ್ಲಿ ಕಲ್ಲಿನ ಮೇಲೆ ಕೊರೆದ ಗೆರೆ. ಅವರು ತಮ್ಮ ದುಡಿಮೆಯ ಕಾಲವನ್ನೆಲ್ಲ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕಳೆದವರು. ತುಂಬಿದ ಲಾರಿ ಬಂದು ನಿಂತರೆ ಒಂದು ತೂಕ, ಸರಕು ಇಳಿಸಿ ಬಂದು ನಿಂತರೆ ಇನ್ನೊಂದು ತೂಕ. ಅದರಲ್ಲಿ ಇದನ್ನು ಕಳೆದರೆ ಸರಕು ಎಷ್ಟೆಂದು ಗೊತ್ತಾಗುತ್ತದೆ. ಲಾರಿಯವರ ಕಳ್ಳಾಟಗಳೆಲ್ಲ ಅವರಿಗೆ ಬಾಯಿಪಾಠ. ನೀರಿನ ಡ್ರಮ್ಮು ತುಂಬಿಸಿಕೊಂಡು ಬಂದು ತೂಗಿಸಿ, ಎರಡನೆಯ ತೂಕಕ್ಕೆ ಮೊದಲು ಅದನ್ನು ಚರಂಡಿಗೆ ಸುರಿಯುವವರು, ಸೀಟಿನ ಕೆಳಗೆ ಕ್ಲೀನರನನ್ನು ಮಲಗಿಸಿಕೊಂಡು ಬರುವವರು, ಇಂಥ ಎಷ್ಟೋ ಜನರನ್ನು ಅವರು ಕೊರಳಪಟ್ಟಿ ಹಿಡಿದು ಇಳಿಸಿದ್ದರು. ಇಳಿದದ್ದೆಲ್ಲ ಸರಕೇ ಆಗಿರಬೇಕು, ನೀರು ಇಳಿಸಿ ಸರಕಿನ ಲೆಕ್ಕ ಹೇಳುವವನ ಮುಖ ನೋಡಿದರೇ ನನಗೆ ಗೊತ್ತಾಗುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

ಅಂಥವರೇ ಕಡೆಗೆ ಆ ಗುಂಡಿಗೆ ಬಿದ್ದರು. ಬಿದ್ದದ್ದು ಲಾರಿಯ ವಿಷಯದಲ್ಲಲ್ಲ, ಕಟ್ಟಿಕೊಂಡ ಹೆಂಡತಿಯ ವಿಷಯದಲ್ಲಿ. ಅದನ್ನು ದಿನವೂ ಕಣ್ಣಾರೆ ಕಂಡು, ಬಾಯಿ ಕಟ್ಟಿಕೊಂಡು, ಒಳಗೊಳಗೇ ಹೇಸಿಕೊಂಡವಳು ಆ ಮನೆಯ ಸೊಸೆ.

ಸೊಸೆಗೆ ಹೇಸಿಗೆಯೆಂಬುದು ಸುಲಭಕ್ಕೆ ಬರುವಂಥದ್ದಲ್ಲ. ಅವಳ ಕೆಲಸ ಲಾಂಡ್ರಿಯಲ್ಲಿ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಮೂಟೆಗಟ್ಟಲೆ ಹಾಸಿಗೆ ಬಟ್ಟೆ ಅಲ್ಲಿಗೆ ಬರುತ್ತದೆ. ಮೂಟೆ ಬಿಚ್ಚಿ, ಕಲೆ ನೋಡಿ, ಬೇರೆ ಬೇರೆ ಗುಡ್ಡೆ ಹಾಕುವುದು ಅವಳ ಪಾಲಿನ ಕೆಲಸ. ಮನುಷ್ಯನ ಮೈಯಿಂದ ಏನೇನು ಹೊರಗೆ ಬರಬಹುದೋ ಅದನ್ನೆಲ್ಲ ಅವಳು ಬೆಳಗಿನ ತಿಂಡಿಗೆ ಮೊದಲೇ ನೋಡಿ ಮುಗಿಸಿರುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿಯರು ಮುಖ ತಿರುಗಿಸಿದರೆ, ದೇವರು ಕೊಟ್ಟ ಮೈ ಕಣ್ರೇ, ಇದಕ್ಕೆ ಮೂಗು ಮುರಿದರೆ ಕೊಟ್ಟವನಿಗೇ ಮೂಗು ಮುರಿದ ಹಾಗೆ ಎಂದು ಬುದ್ಧಿ ಹೇಳುತ್ತಿದ್ದಳು. ಹಾಗೆ ಹೇಳುತ್ತಿದ್ದವಳೇ ಮನೆಯ ಊಟದ ಮೇಜಿನ ಮುಂದೆ ಮುಖ ತಿರುಗಿಸುವ ಹಾಗಾಯಿತು.

ಶುರುವಾದದ್ದು ಅತ್ತೆಯ ಮಂಡಿಯಿಂದ. ಅತ್ತೆ ಭಾರಿ ಆಳು, ಮಾತಿಗೂ ನಗುವಿಗೂ ಬಡತನವಿಲ್ಲದವರು. ಎರಡು ಮಂಡಿಯೂ ಸವೆದು, ಮೂಳೆಗೆ ಮೂಳೆ ಉಜ್ಜತೊಡಗಿತ್ತು. ಮೂಳೆ ಡಾಕ್ಟರು ನೋಡಿ, ಮಂಡಿ ಬದಲಿಸಬಹುದು, ಆದರೆ ಮೊದಲು ಕೊಬ್ಬು ಇಳಿಸಿಕೊಂಡು ಬನ್ನಿ ಎಂದು ಪಕ್ಕದ ಕೋಣೆಯ ಪಥ್ಯದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಅಲ್ಲಿ ಒಂದು ಯಂತ್ರವಿತ್ತು. ಬರಿಗಾಲಲ್ಲಿ ಅದರ ಮೇಲೆ ನಿಂತು ಎರಡೂ ಕೈಯಲ್ಲಿ ಹಿಡಿಕೆ ಹಿಡಿದರೆ, ಮೈಯಲ್ಲಿ ಕೊಬ್ಬೆಷ್ಟು, ಉಳಿದದ್ದೆಷ್ಟು ಎಂದು ಅಂದಾಜು ತೋರಿಸುವಂಥದ್ದು.

"ಅಮ್ಮ, ನಿಮ್ಮ ತೂಕ ತೊಂಬತ್ತೆರಡು ಕಿಲೋ," ಎಂದಳು ಡಾಕ್ಟರಮ್ಮ. "ಅದರಲ್ಲಿ ನೂರಕ್ಕೆ ನಲವತ್ತಾರು ಪಾಲು ಕೊಬ್ಬು. ಮಿಕ್ಕಿದ್ದು ಮೂಳೆ, ನೀರು, ಮಾಂಸಖಂಡ. ನಮಗೆ ಇಳೀಬೇಕಾಗಿರೋದು ಬರೀ ತೂಕ ಅಲ್ಲ, ಆ ನಲವತ್ತಾರು. ಮಾಂಸಖಂಡ ಕರಗಿಹೋದರೆ ಹೊಸ ಮಂಡಿ ಹಾಕಿಸಿಕೊಂಡು ಏನ್ಮಾಡ್ತೀರಿ, ಅದನ್ನ ಎತ್ತಿ ಇಡೋರು ಯಾರು?"

ಮೊಟ್ಟೆ, ಬೇಳೆ, ಮೊಸರು ಚೆನ್ನಾಗಿ ತಿನ್ನಬೇಕು, ಸಕ್ಕರೆ ಎಣ್ಣೆ ಕಡಿಮೆ ಮಾಡಬೇಕು, ದಿನವೂ ಕುರ್ಚಿಯಿಂದ ಎದ್ದು ಕೂತು ಎದ್ದು ಕೂತು ತೊಡೆಗೆ ಕೆಲಸ ಕೊಡಬೇಕು, ನಿಧಾನವಾದರೂ ಚಿಂತೆಯಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಸೊಸೆ ಕಿವಿಗೊಟ್ಟು ಕೇಳಿದಳು. ಮಾವ ಮಾತ್ರ ಬಗ್ಗಿಕೊಂಡು ಯಂತ್ರದ ಬೆನ್ನಿಗೆ ಸರ್ಕಾರಿ ಮುದ್ರೆ ಇದೆಯೋ ಇಲ್ಲವೋ ಎಂದು ಹುಡುಕುತ್ತಿದ್ದರು. ಅವರ ಕಿವಿಗೆ ಬಿದ್ದದ್ದು 'ಇಳೀಬೇಕು' ಅನ್ನುವುದೊಂದೇ.

ದಾರಿಯಲ್ಲಿ ಅತ್ತೆ ಸೊಸೆಯ ಕೈ ಹಿಡಿದುಕೊಂಡು ಹೇಳಿದರು: "ನನಗೆ ಓಡೋದೂ ಬೇಡ, ಕುಣಿಯೋದೂ ಬೇಡ ಕಣಮ್ಮ. ಸಾಯೋವರೆಗೂ ನನ್ನ ಕಾಲ ಮೇಲೆ ನಾನು ಬಚ್ಚಲಿಗೆ ಹೋಗಿ ಬರೋ ಹಾಗಾದ್ರೆ ಸಾಕು. ಅದೇ ನನಗೆ ಮೋಕ್ಷ."

ಆ ವಾರವೇ ಮಾವ ಹಳೆಯ ಗೋದಾಮಿನಿಂದ ಮೂಟೆ ತೂಗುವ ಕಬ್ಬಿಣದ ತಕ್ಕಡಿಯೊಂದನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಅದನ್ನು ಇಡಲು ಜಾಗ ಸಿಕ್ಕಿದ್ದು ಊಟದ ಮೇಜಿನ ಪಕ್ಕದಲ್ಲಿ. ತಕ್ಕಡಿಯ ಹಲಗೆಯಲ್ಲಿ ಹಿಂದಿನ ಯಾವುದೋ ಸರಕಿನ ಜಿಡ್ಡು ಸೇರಿಕೊಂಡಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅತ್ತೆ ಬೆಳಿಗ್ಗೆ ಅದರ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಮಾವ ಕನ್ನಡಕ ಏರಿಸಿ ತಕ್ಕಡಿಯ ದಂಡದ ಮೇಲಿನ ಬಟ್ಟು ಸರಿಸುತ್ತಾ ಸರಿಸುತ್ತಾ, ನಿನ್ನೆಗಿಂತ ಕಡಿಮೆಯಾಗಿದ್ದರೆ ಭೇಷ್ ಎನ್ನುವರು, ಆಗದಿದ್ದರೆ ಅಡಿಗೆಮನೆಯ ಕಡೆ ದುರುಗುಟ್ಟಿ ನೋಡುವರು.

ಊಟದ ಅಳತೆ ಅವರ ಕೈಗೇ ಹೋಯಿತು. ಅತ್ತೆಯ ಪಾಲಿಗೆ ಬಂದದ್ದು ತೆಳ್ಳನೆಯ ಗಂಜಿ, ಬೇಯಿಸಿದ ಸೋರೆಕಾಯಿ. ಮೊಟ್ಟೆಯಲ್ಲಿ ಕೊಬ್ಬಿದೆ, ಬೇಡ. ಮೊಸರಿನಲ್ಲಿ ಕೆನೆಯಿದೆ, ಬೇಡ. ಬೇಳೆ ಹೊಟ್ಟೆಯಲ್ಲಿ ಊದಿಕೊಳ್ಳುತ್ತದೆ, ಅದೂ ಬೇಡ. ಡಾಕ್ಟರಮ್ಮ ಹೇಳಿದ್ದು ಹೀಗಲ್ಲವಲ್ಲ ಮಾವ ಎಂದು ಸೊಸೆ ಮೆಲ್ಲಗೆ ಬಾಯಿ ತೆರೆದಳು. ಅವಳಿನ್ನೂ ನಿನ್ನೆ ಮೊನ್ನೆ ಓದು ಮುಗಿಸಿದ ಹುಡುಗಿ, ನಾನು ತೂಕ ನೋಡೋಕೆ ಶುರು ಮಾಡಿದಾಗ ಅವಳಮ್ಮನೇ ಹುಟ್ಟಿರಲಿಲ್ಲ ಎಂದು ಮಾವ ಅದನ್ನು ಅಲ್ಲಿಗೇ ಮುಚ್ಚಿಬಿಟ್ಟರು. ಅವರು ಮಾತ್ರ ಎದುರಿಗೇ ಕೂತು ಬ್ರೆಡ್ಡಿಗೆ ಬೆರಳು ದಪ್ಪ ಬೆಣ್ಣೆ ಬಳಿದು ತಿನ್ನುತ್ತಿದ್ದರು. ಬೆಣ್ಣೆ ಕರಗಿ ಮೀಸೆಗೆ ಇಳಿದು ಹೊಳೆಯುತ್ತಿತ್ತು. ತಿನ್ನುತ್ತಲೇ, ಒರೆಸಿಕೊಳ್ಳದ ಅದೇ ಕೈಯಿಂದ ಹೆಂಡತಿಯ ರಟ್ಟೆಯ ಕೆಳಗಿನ ಜೋಲುಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, "ನೋಡು, ಇನ್ನೂ ಎಷ್ಟು ಸರಕಿದೆ" ಎನ್ನುವರು. ಅತ್ತೆಯ ತೋಳಿನ ಮೇಲೆ ಬೆಣ್ಣೆಯ ಬೆರಳಿನ ಗುರುತು ಉಳಿಯುತ್ತಿತ್ತು. ಸೊಸೆ ತನ್ನ ತಟ್ಟೆಯನ್ನು ಬದಿಗೆ ಸರಿಸಿಬಿಡುತ್ತಿದ್ದಳು.

ಗಂಡನ ಕೈಲಿ ಹೇಳಿಸೋಣವೆಂದು ನೋಡಿದಳು. ಅವನು ಲಿಫ್ಟು ರಿಪೇರಿಯವನು, ಇಡೀ ದಿನ ಕತ್ತಲ ಬಾವಿಯಲ್ಲಿ ನೇತಾಡಿ ಬಂದವನಿಗೆ ಮನೆಯಲ್ಲಿ ಜಗಳವೆಂದರೆ ಆಗದು.

"ಅಪ್ಪ ಒಳ್ಳೇದಕ್ಕೇ ತಾನೆ ಮಾಡ್ತಿರೋದು," ಎಂದ.

"ಒಳ್ಳೇದಕ್ಕೆ ಮಾಡೋರು ಹೆಂಡತಿ ಬಾಯಿ ಮೂಸಿ ನೋಡ್ತಾರೇನ್ರೀ?"

ಆ ದಿನ ಬೆಳಿಗ್ಗೆ ನಡೆದದ್ದು ಅವನಿಗೂ ಗೊತ್ತಿತ್ತು. ಹಸಿವು ತಾಳಲಾರದೆ ಅತ್ತೆ ಕಣ್ಣಲ್ಲೇ ಬೇಡಿದಾಗ ಸೊಸೆ ಬೇಯಿಸಿದ ಮೊಟ್ಟೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬಚ್ಚಲಿನಲ್ಲಿ ಕೊಟ್ಟಿದ್ದಳು. ಅತ್ತೆ ಒದ್ದೆ ನೆಲದ ಮೇಲೆ, ಪೊರಕೆಯ ಪಕ್ಕದಲ್ಲಿ ನಿಂತು, ಅಗಿಯದೆ ನುಂಗಿದರು. ಹೊರಗೆ ಬಂದ ಕೂಡಲೇ ಮಾವ ಅಡ್ಡ ನಿಂತು, ಬಾಯಿ ತೆಗಿ ಎಂದರು. ಲಾರಿಯ ಸೀಟಿನ ಕೆಳಗೆ ಬಗ್ಗಿ ನೋಡುವವರ ಹಾಗೆ ಬಗ್ಗಿ, ಮೂಗನ್ನು ಹೆಂಡತಿಯ ತುಟಿಯ ಹತ್ತಿರ ತಂದು ಮೂಸಿದರು. ಮೊಮ್ಮಕ್ಕಳನ್ನು ಕಾಣಬೇಕಾದ ವಯಸ್ಸಿನ ಹೆಂಗಸು ಕಣ್ಣು ಮುಚ್ಚಿ, ಬಾಯಿ ತೆಗೆದು ನಿಂತುಕೊಂಡಿದ್ದಳು. ಅದಾದ ಮೇಲೆ ಮೊಟ್ಟೆಯ ಬುಟ್ಟಿ ಮಾವನ ಮಂಚದ ಕೆಳಗೆ ಹೋಯಿತು.

ತೂಕವೇನೋ ಇಳಿಯಿತು. ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಮಾವ ಬೀದಿಯ ಮಂದಿಗೆಲ್ಲ ಸುದ್ದಿ ಹೇಳಿ ಬಂದಿದ್ದರು. ಅಕ್ಕಪಕ್ಕದವರು ಬಂದು, ಅಯ್ಯೋ ಎಷ್ಟು ಸಣ್ಣ ಆಗಿದ್ದೀರಿ, ನಮಗೂ ಹೇಳಿಕೊಡಿ ಎಂದು ಹೊಗಳಿ ಹೋದರು. ಹೊಗಳಿಕೆ ಕೇಳಿ ಅತ್ತೆಯೂ ಒಂದೆರಡು ದಿನ ಉಬ್ಬಿದರು, ಅದೂ ನಿಜ. ಆದರೆ ಮೈ ತೊಳೆಸುವ ಸೊಸೆಗೆ ಬೇರೆಯೇ ಕಾಣುತ್ತಿತ್ತು. ಹೊಟ್ಟೆ ಹೆಚ್ಚುಕಮ್ಮಿ ಹಾಗೆಯೇ ಇತ್ತು. ಬತ್ತಿದ್ದು ತೊಡೆ, ಮೀನಖಂಡ, ಭುಜ. ಮೊದಲು ಗೋಡೆ ಹಿಡಿದು ತಾವೇ ಏಳುತ್ತಿದ್ದವರು ಈಗ ಟಾಯ್ಲೆಟ್ಟಿನಲ್ಲಿ ಕೂತರೆ ಏಳಲಾರರು. ಸೊಸೆ ಬಗ್ಗಿ, ಕಂಕುಳ ಕೆಳಗೆ ಕೈ ಹಾಕಿ ಎತ್ತಬೇಕು. ತೂಕ ಕಡಿಮೆಯಾದವರನ್ನು ಎತ್ತುವುದು ಮೊದಲಿಗಿಂತ ಕಷ್ಟವಾಗುವುದು ಹೇಗೆಂದು ಅವಳಿಗೆ ಆಶ್ಚರ್ಯ. ಮೊದಲು ಕೈ ಆಸರೆಯಾದರೆ ಸಾಕು, ಮೈ ತಾನೇ ಏಳುತ್ತಿತ್ತು. ಈಗ ಒದ್ದೆ ಹಾಸಿಗೆಯ ಹಾಗೆ ಜೋತುಬೀಳುತ್ತಿತ್ತು.

"ಅತ್ತೆ, ಸ್ವಲ್ಪ ನೀವೂ ಕಾಲೂರಿ."

"ಊರ್ತಾನೇ ಇದ್ದೀನಿ ಕಣಮ್ಮ," ಎಂದರು ಅತ್ತೆ, ಅಳುವವರ ಹಾಗೆ ನಕ್ಕು. "ಅದೇ ಮಾತು ಕೇಳ್ತಿಲ್ಲ."

ಎರಡನೆಯ ತಿಂಗಳಲ್ಲಿ ತಕ್ಕಡಿಯ ಬಟ್ಟು ಒಂದೇ ಗೆರೆಯಲ್ಲಿ ನಿಂತುಬಿಟ್ಟಿತು. ಗಂಜಿ ಇನ್ನಷ್ಟು ತೆಳ್ಳಗಾಯಿತು, ಆದರೂ ಬಟ್ಟು ಹಿಂದೆ ಸರಿಯಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಬೀದಿಗೆಲ್ಲ ಹೇಳಿಕೊಂಡು ಬಂದ ಮನುಷ್ಯನಿಗೆ ನಿಂತ ಬಟ್ಟನ್ನು ನೋಡಿ ನಿದ್ದೆ ಹತ್ತಲಿಲ್ಲ. ಹಿಂದಿನ ದಿನ ಸಂಜೆ ಅವರು ಪೇಟೆಯಿಂದ ಒಂದು ಸೀಸೆ ಹರಳೆಣ್ಣೆ ತಂದರು. ಹೊಟ್ಟೆ ಶುದ್ಧವಾಗಿರಬೇಕು ಎಂದರು. ಹಾಲಿನಲ್ಲಿ ಅದನ್ನು ಅರ್ಧ ಲೋಟ ಸುರಿದು, ಕಾಯಿಸಿಕೊಡು ಎಂದು ಸೊಸೆಯ ಕೈಗೆ ಕೊಟ್ಟರು. ಅವಳು ಕಾಯಿಸಿಕೊಟ್ಟಳು. ಆಮೇಲೆ ಎಷ್ಟೋ ದಿನ ಅವಳಿಗೆ ತನ್ನ ಕೈಯನ್ನು ಕಂಡರೇ ಆಗುತ್ತಿರಲಿಲ್ಲ.

ಮೇಲೆ ತೇಲುವ ಎಣ್ಣೆಯನ್ನು ಅತ್ತೆ ಮೂಗು ಹಿಡಿದು ಕುಡಿದರು. ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಹಿಂಡತೊಡಗಿತು. ಸೊಸೆ ಅವರನ್ನು ಹೊತ್ತ ಹಾಗೆ ಬಚ್ಚಲಿಗೆ ಕರೆದುಕೊಂಡು ಹೋಗಿ ಕೂರಿಸುವುದು, ತೊಳೆಯುವುದು, ಎತ್ತುವುದು, ಹಾಸಿಗೆ ಮುಟ್ಟುವ ಮೊದಲೇ ಮತ್ತೆ ತಿರುಗುವುದು. ಒಮ್ಮೆ ದಾರಿಯಲ್ಲೇ ಆಯಿತು. ಅತ್ತೆ ನಾಚಿಕೆಯಿಂದ ಕುಗ್ಗಿ, ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟರು. ನನಗೆ ಇದು ದಿನದ ಕೆಲಸ ಅತ್ತೆ, ನೀವು ಸುಮ್ಮನಿರಿ ಎಂದು ಸೊಸೆ ನೆಲ ಒರೆಸಿದಳು. ನಾತ ಮನೆಯೆಲ್ಲ ತುಂಬಿತ್ತು, ಅದಕ್ಕೆ ಅವಳು ಹೇಸಲಿಲ್ಲ.

ಆಗ ಬಾಗಿದ್ದ ಅವಳ ಬೆನ್ನ ಹಿಂದೆ ಮಾವನ ದನಿ ಕೇಳಿಸಿತು. ಅವರು ಬಚ್ಚಲ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದರು.

"ಪೂರ್ತಿ ಹೋಯ್ತಾ?" ಎಂದು ಕೇಳಿದರು. "ಹೋಗಿದ್ರೆ ಹಾಗೇ ಕರ್ಕೊಂಡು ಬಾ. ನೀರು ಕುಡಿಸಬೇಡ. ಮೊದಲು ತೂಕ ನೋಡಿಬಿಡೋಣ."

ಗೋಡೆಗೊರಗಿದ್ದ ಅತ್ತೆಯ ತುಟಿ ಒಣಗಿ ಬೆಳ್ಳಗಾಗಿತ್ತು. ಮಾವನ ಮುಖದಲ್ಲಿ ಕೋಪವಿರಲಿಲ್ಲ, ಕ್ರೌರ್ಯವಿರಲಿಲ್ಲ. ಒಂದು ಆಸೆಯಿತ್ತು, ಸಿಹಿತಿಂಡಿಗೆ ಕಾಯುವ ಮಗುವಿನಂಥ ಆಸೆ. ಲಾಂಡ್ರಿಯ ಯಾವ ಮೂಟೆಯೂ ತರದ ವಾಂತಿಯನ್ನು ಆ ಮುಖ ತಂದಿತು. ಅವಳು ತಲೆ ತಗ್ಗಿಸಿ, ನೆಲ ಒರೆಸಿದ ಬಟ್ಟೆಯ ಮೇಲೆಯೇ ಕಕ್ಕಿದಳು.

ಮರುದಿನ ಪಥ್ಯದ ಡಾಕ್ಟರಮ್ಮನ ಕೋಣೆಗೆ ನಾಲ್ವರೂ ಹೋದರು. ಗಂಡ ಕೆಲಸಕ್ಕೆ ರಜ ಹಾಕಿ ಬಂದಿದ್ದ, ಏಕೆಂದರೆ ಅತ್ತೆಯನ್ನು ಆಟೋದಿಂದ ಇಳಿಸಲು ಸೊಸೆಯೊಬ್ಬಳ ಕೈಲಿ ಆಗುತ್ತಿರಲಿಲ್ಲ. ಮಾವ ಇಸ್ತ್ರಿಯ ಅಂಗಿ ತೊಟ್ಟು, ಬಹುಮಾನ ಪಡೆಯಲು ಬಂದವರಂತೆ ಕೂತಿದ್ದರು. ಮಗನೂ ಸೊಸೆಯೂ ಇಬ್ಬದಿ ಹಿಡಿದು ಅತ್ತೆಯನ್ನು ಯಂತ್ರದ ಮೇಲೆ ನಿಲ್ಲಿಸಿ ಕೈ ಬಿಟ್ಟರು. ಅಂಕಿ ಬಂತು.

"ಎಂಬತ್ತೊಂದು," ಎಂದು ಮಾವನೇ ಓದಿದರು. "ಹನ್ನೊಂದು ಕಿಲೋ ಇಳಿಸಿದ್ದೀನಿ."

ಡಾಕ್ಟರಮ್ಮ ಅದನ್ನು ನೋಡಲಿಲ್ಲ, ಕೆಳಗಿನ ಇನ್ನೊಂದು ಅಂಕಿಯನ್ನು ನೋಡಿದಳು. "ಕೊಬ್ಬು ನೂರಕ್ಕೆ ನಲವತ್ತೆಂಟು," ಎಂದಳು. "ಹೋದ ಸಲ ನಲವತ್ತಾರಿತ್ತು."

"ತೂಕ ಇಳಿದು ಕೊಬ್ಬು ಏರುತ್ತಾ? ನಿಮ್ಮ ಯಂತ್ರ ಕೆಟ್ಟಿದೆ."

"ಪಾಲು ಏರಿದೆ ಯಜಮಾನರೇ. ಹನ್ನೊಂದು ಕಿಲೋದಲ್ಲಿ ಕೊಬ್ಬು ಹೋಗಿರೋದು ಮೂರೂವರೆಯಷ್ಟೂ ಇಲ್ಲ. ಮಿಕ್ಕಿದ್ದೆಲ್ಲ ಮಾಂಸಖಂಡ, ನೀರು. ಇವರ ತುಟಿ ನೋಡಿದರೆ ನೀರೇ ತುಂಬಾ ಹೋಗಿರೋ ಹಾಗಿದೆ. ಮೈಯಲ್ಲಿ ನೀರು ಕಡಿಮೆಯಾದರೆ ಇದು ಕೊಬ್ಬನ್ನ ಸ್ವಲ್ಪ ಹೆಚ್ಚಿಗೆ ತೋರಿಸೋದೂ ಉಂಟು." ಅವಳು ಅತ್ತೆಯ ಕೈ ಹಿಡಿದು, ಚರ್ಮವನ್ನು ಎಳೆದು ಬಿಟ್ಟು ನೋಡಿದಳು. "ಭೇದಿ ಏನಾದರೂ ಆಗಿತ್ತಾ?"

ಅತ್ತೆ ತಮ್ಮ ಪಾದ ನೋಡುತ್ತಿದ್ದರು. ಗಂಡ ಗೋಡೆ ನೋಡುತ್ತಿದ್ದ. ಮಾವ ಗಂಟಲು ಸರಿಮಾಡಿಕೊಂಡು, ಹಾಗೇನಿಲ್ಲ, ಸ್ವಲ್ಪ ಹೊಟ್ಟೆ ಕೆಟ್ಟಿತ್ತು ಎಂದರು.

"ಹೊಟ್ಟೆ ಕೆಟ್ಟಿದ್ದಲ್ಲ," ಎಂದಳು ಸೊಸೆ. ಆ ಮನೆಗೆ ಬಂದ ಮೇಲೆ ಹೊರಗಿನವರ ಎದುರು ಮಾವನ ಮಾತಿಗೆ ಅಡ್ಡ ಮಾತಾಡಿದ್ದು ಅದೇ ಮೊದಲು. "ನಿನ್ನೆ ಅರ್ಧ ಲೋಟ ಹರಳೆಣ್ಣೆ ಕುಡಿಸಿದ್ದಾರೆ. ಕಾಯಿಸಿ ಕೊಟ್ಟೋಳು ನಾನೇ. ಆಮೇಲೆ ಒಂದು ಗುಟುಕು ನೀರೂ ಕೊಡೋಕೆ ಬಿಡಲಿಲ್ಲ. ಎರಡು ತಿಂಗಳಿಂದ ಬರೀ ಗಂಜಿ."

"ಮನೆ ಮಾತು ಬೀದಿಗೆ ತರ್ತೀಯಾ?" ಎಂದು ಮಾವ ಹಲ್ಲು ಕಚ್ಚಿದರು.

ಅದಕ್ಕೆ ಉತ್ತರ ಕೊಟ್ಟವರು ಅತ್ತೆ. ಯಂತ್ರದ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ. ನಿಂತೇ, ಗಂಡನ ಕಡೆ ತಿರುಗದೆ, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು:

"ಇಳಿದದ್ದೆಲ್ಲ ಸರಕು ಅಂದ್ಕೊಂಡ್ರಿ. ಸರಕು ಹಾಗೇ ಇದೆಯಂತೆ ನೋಡಿ. ನೀವು ಬಿಚ್ಚಿ ಇಳಿಸಿದ್ದು ಎಂಜಿನ್ನು."

ಕಳ್ಳ ಲಾರಿಯವರ ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದ ಮಾವ ಈಗ ತಮ್ಮ ಮುಖ ಎಲ್ಲಿಡಬೇಕೆಂದು ತಿಳಿಯದೆ ಯಂತ್ರದ ಬೆನ್ನನ್ನೇ ನೋಡುತ್ತ ಕೂತರು.

ಆಪರೇಷನ್ ಮುಂದಕ್ಕೆ ಹೋಯಿತು. ಈ ಕಾಲಿಗೆ ಕತ್ತರಿ ಹಾಕಿದರೆ ಮಂಚದಿಂದ ಏಳುವ ಭರವಸೆ ನಾನು ಕೊಡಲಾರೆ, ಮೊದಲು ತೊಡೆಗೆ ಬಲ ಬರಲಿ, ಕುರ್ಚಿಯಿಂದ ತಾವಾಗಿ ಎದ್ದು ನಿಲ್ಲುವ ಹಾಗಾಗಲಿ, ಆಗ ಬನ್ನಿ ಎಂದರು ಮೂಳೆ ಡಾಕ್ಟರು.

ಮನೆಗೆ ಬಂದ ದಿನವೇ ಗಂಡ ಮೊಟ್ಟೆಯ ಬುಟ್ಟಿಯನ್ನು ಮಂಚದ ಕೆಳಗಿನಿಂದ ಎಳೆದು ಅಡಿಗೆಮನೆಯಲ್ಲಿಟ್ಟ. ಸೊಸೆಯ ಮುಖ ನೋಡಲಿಲ್ಲ. ಕಬ್ಬಿಣದ ತಕ್ಕಡಿ ಗುಜರಿಗೆ ಹೋಯಿತು. ಅತ್ತೆಗೆ ಬೇಳೆ, ಮೊಟ್ಟೆ, ಮೊಸರು ಶುರುವಾಯಿತು. ಬೆಳಿಗ್ಗೆ ಸಂಜೆ ಸೊಸೆ ಎದುರಿಗೆ ನಿಂತು, ಎರಡು ಕೈ ಚಾಚಿ, ಕುರ್ಚಿಯಿಂದ ಏಳಿಸುವುದು, ಕೂರಿಸುವುದು. ಮೊದಮೊದಲು ಅತ್ತೆಯ ತೊಡೆ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ತೂಕ ಒಂದಿಷ್ಟು ಏರಿತೆಂದು ಡಾಕ್ಟರಮ್ಮ ಹೇಳಿ, ಏರಲಿ ಬಿಡಿ, ಪಾಲು ಇಳೀತಿದೆ ಎಂದು ನಕ್ಕಳು. ತೊಟ್ಟ ರವಿಕೆ ಹೊಟ್ಟೆಯ ಕಡೆ ಸಡಿಲವಾಗಿ ತೋಳಿನ ಕಡೆ ಸರಿಯಾಗಿ ಕೂತಿತ್ತು.

ಮಾವ ಕ್ಷಮೆ ಕೇಳಲಿಲ್ಲ. ಬೀದಿಯಲ್ಲಿ ಆಸ್ಪತ್ರೆಯ ಯಂತ್ರ ಕೆಟ್ಟದ್ದೆಂದೇ ಹೇಳಿಕೊಂಡು ಬಂದರಂತೆ. ಮನೆಯಲ್ಲಿ ಮಾತು ಕಡಿಮೆ ಮಾಡಿದರು, ಆದರೆ ಕಣ್ಣನ್ನು ಕಡಿಮೆ ಮಾಡಲಿಲ್ಲ. ಊಟದ ಹೊತ್ತಿಗೆ ಆ ಕಣ್ಣು ಹೆಂಡತಿಯ ತಟ್ಟೆಯಿಂದ ಬಾಯಿಗೆ, ಬಾಯಿಯಿಂದ ಗಂಟಲಿಗೆ, ಪ್ರತಿ ತುತ್ತಿನ ಹಿಂದೆಯೇ ಇಳಿಯುತ್ತಿತ್ತು. ತಿನ್ನುವ ಅನ್ನದ ಮೇಲೆ ನೊಣ ಕೂತು ಎದ್ದು ಕೂತು ಎದ್ದು ಮಾಡಿದ ಹಾಗೆ. ಸೊಸೆ ಅದನ್ನು ಕಂಡು ಮುಖ ತಿರುಗಿಸುತ್ತಿದ್ದಳು. ದೇವರ ಮುಂದೆ ಕೈಮುಗಿದಾಗಲೂ, ಇವರ ಮೇಲಿನ ಹೇಸಿಗೆ ನನ್ನಿಂದ ಹೋಗಲಿ ಎಂದು ಕೇಳಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಹೇಸಿಗೆ ತನ್ನೊಬ್ಬಳದೇ ಎಂದು ಅವಳು ತಿಳಿದಿದ್ದಳು.

ಒಂದು ಮಧ್ಯಾಹ್ನ ಮೂವರೇ ಊಟಕ್ಕೆ ಕೂತಿದ್ದರು. ಸೊಸೆ ಅತ್ತೆಗೆ ಎರಡನೆಯ ಮೊಟ್ಟೆ ಬಡಿಸಲು ಹೋದಳು. ಮಾವನ ಕೈ ತಾನಾಗಿಯೇ ಮುಂದೆ ಬಂದು ತಟ್ಟೆಗೆ ಅಡ್ಡವಾಯಿತು. "ಒಂದು ಸಾಕಲ್ಲ?" ಎಂದರು. ದನಿಯಲ್ಲಿ ಗದರಿಕೆಯೂ ಇರಲಿಲ್ಲ, ಹಳೆಯ ರೂಢಿ ಅಷ್ಟೇ.

ಅತ್ತೆ ಚಮಚ ಕೆಳಗಿಟ್ಟರು. ಆ ಕೈಯನ್ನು ನೋಡಿದರು.

"ರೀ, ನಿಮ್ಮ ತಟ್ಟೆ ತಗೊಂಡು ಹೋಗಿ ಹೊರಗೆ ಜಗಲಿ ಮೇಲೆ ಕೂತ್ಕೊಳ್ಳಿ."

"ಯಾಕೆ?"

"ನೀವು ನೋಡ್ತಾ ಇದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ. ಹೇಸಿಗೆ ಆಗುತ್ತೆ."

ಅವರ ಬಾಯಿಂದ ಆ ಮಾತು ಅಷ್ಟು ಮೆತ್ತಗೆ, ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸಹಜವಾಗಿ ಬಂತು. ಸೊಸೆ ಸೌಟು ಹಿಡಿದ ಹಾಗೆಯೇ ನಿಂತಳು. ಮಾವ ಹೆಂಡತಿಯನ್ನು ನೋಡಿದರು, ಸೊಸೆಯನ್ನು ನೋಡಿದರು. ತಟ್ಟೆ ಎತ್ತಿಕೊಂಡು ಜಗಲಿಗೆ ಹೋದರು. ಹೋದವರು ಬಾಗಿಲಿಗೆ ಎದುರಾಗಿ ಕೂತು, ಅಲ್ಲಿಂದಲೇ ಮತ್ತೆ ಒಳಗೆ ನೋಡತೊಡಗಿದರು.

ಬಾಗಿಲು ಹಾಕುವುದಕ್ಕೆ ಸೊಸೆ ಹೊರಟಳು. ಅತ್ತೆ ಬೇಡವೆಂದು ಕೈ ಮಾಡಿದರು. ಮೇಜಿನ ಅಂಚಿಗೆ ಎರಡೂ ಅಂಗೈ ಊರಿ ಮುಂದಕ್ಕೆ ಬಾಗಿದರು. ಏಳಲಾಗಲಿಲ್ಲ, ಧೊಪ್ಪನೆ ಕೂತರು. ಮತ್ತೆ ಬಾಗಿದರು. ತೊಡೆ ನಡುಗಿತು, ಕುತ್ತಿಗೆಯ ನರ ಉಬ್ಬಿತು, ಮೈ ಸೀಟಿನಿಂದ ಒಂದಿಷ್ಟು ಮೇಲೆ ಬಂದು ನಿಂತಿತು, ಬೀಳಲಿಲ್ಲ. ಸೊಸೆಯ ಕೈ ತಾನಾಗಿ ಮುಂದೆ ಹೋದದ್ದನ್ನು ಅವಳೇ ಹಿಂದಕ್ಕೆ ಎಳೆದುಕೊಂಡಳು. ಅತ್ತೆ ಎದ್ದು ನಿಂತರು. ಉಸಿರು ತೆಗೆದುಕೊಂಡು, ಸವೆದ ಮಂಡಿಯ ಮೇಲೆ ಅತ್ತಿತ್ತ ವಾಲುತ್ತ, ಯಾರನ್ನೂ ಹಿಡಿಯದೆ ಬಾಗಿಲ ತನಕ ನಡೆದು, ಗಂಡನ ಮುಖಕ್ಕೆ ಎದುರಾಗಿ ಅದನ್ನು ಮುಚ್ಚಿ, ಚಿಲಕ ಹಾಕಿದರು.

ತಿರುಗಿ ಬಂದು ಕೂತು, ಏದುಸಿರು ಬಿಡುತ್ತಲೇ ತಟ್ಟೆಯನ್ನು ಸೊಸೆಯ ಕಡೆ ಸರಿಸಿದರು.

"ಈಗ ಹಾಕಮ್ಮ," ಎಂದರು.